ಸ್ಟೋರ್ ರೂಮಿನ ಹನ್ನೊಂದು ಸಸಿ

ದುಬೈನಲ್ಲಿ ನನ್ನ ಕೆಲಸ ಆಫೀಸುಗಳ ಗಿಡ ನೋಡಿಕೊಳ್ಳುವುದು. ಹದಿನಾಲ್ಕು ವರ್ಷದಿಂದ ಅದೇ. ನಮ್ಮ ಕಂಪನಿ ಕುಂಡದ ಗಿಡಗಳನ್ನು ಬಾಡಿಗೆಗೆ ಕೊಡುತ್ತದೆ. ವಾರಕ್ಕೊಮ್ಮೆ ನಾನು ಹೋಗಿ ನೀರು ಹಾಕಿ, ಎಲೆ ಒರೆಸಿ, ಒಣಗಿದ್ದನ್ನು ಕತ್ತರಿಸಿ, ಸತ್ತದ್ದನ್ನು ಬದಲಾಯಿಸಿ ಬರುತ್ತೇನೆ. ಬಿಸಿಲೇ ಕಾಣದ ಕೋಣೆಯಲ್ಲಿ, ಎಸಿಯ ಚಳಿಯಲ್ಲಿ, ಕುಡಿದುಳಿದ ಚಹಾವನ್ನು ಕುಂಡಕ್ಕೆ ಸುರಿಯುವ ಮ್ಯಾನೇಜರುಗಳ ನಡುವೆ ಗಿಡವನ್ನು ಬದುಕಿಸುವುದು ಹುಡುಗಾಟವಲ್ಲ. ನನಗೆ ಅದು ಬರುತ್ತದೆ. ಉಡುಪಿಯ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಊರಿದ ಒಣಕಡ್ಡಿಯೂ ಚಿಗುರುತ್ತಿತ್ತು. ಆ ಕೈಗುಣ ನನಗೆ ಬಂದಿದೆ ಎಂದು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ.

ಸಿಲಿಕಾನ್ ಓಯಸಿಸ್‌ನ ಒಂದು ಆಫೀಸಿನಲ್ಲಿ ಬಿಜಾಪುರದ ಕಡೆಯ ಎಂಜಿನಿಯರ್ ಒಬ್ಬರಿದ್ದರು. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ನನ್ನನ್ನು 'ಅಣ್ಣಾರ' ಎಂದು ಕರೆಯುತ್ತಿದ್ದರು, ನಾನು ಅವರನ್ನು ಸರ್ ಎನ್ನುತ್ತಿದ್ದೆ. ಒಂದು ದಿನ ಪ್ಯಾಂಟ್ರಿಯಲ್ಲಿ ನನ್ನನ್ನು ನಿಲ್ಲಿಸಿ, ಅತ್ತಿತ್ತ ನೋಡಿ, ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ದೊಡ್ಡ ದೊಡ್ಡ ಬಕೆಟ್‌ಗಳಲ್ಲಿ ಬೆರಳುದ್ದದ ಸಸಿಗಳು. ಹಳದಿಗೆ ತಿರುಗಿದ ಎರಡೆರಡು ಎಲೆ, ದಾರದಂಥ ಕಾಂಡ.

"ಬೀಜಾ ಹಾಕಿ ಇಪ್ಪತ್ತ ದಿನಾ ಆತ್ರಿ ಅಣ್ಣಾರ. ಅಲ್ಲೇ ಕುಂತಾವು. ಮುಂದಕ್ಕ ಹೋಗವಲ್ವು."

"ಎಂತ ಗಿಡ ಇದು ಸರ್?"

"ಪುಂಡಿ. ಪುಂಡಿಪಲ್ಲೆ."

ನನಗೆ ನಗು ಬಂತು. ನಮ್ಮ ಕಡೆ ಪುಂಡಿ ಎಂದರೆ ಅಕ್ಕಿಯ ಉಂಡೆ, ಹಬೆಯಲ್ಲಿ ಬೇಯಿಸುವುದು. ಅದು ಗಿಡದಲ್ಲಿ ಬಿಡುವುದಿಲ್ಲ ಎಂದೆ. ಅವರು ನಗದೆ, ಇದು ರೊಟ್ಟಿಯ ಜೊತೆ ತಿನ್ನುವ ಹುಳಿ ಸೊಪ್ಪು ಎಂದರು. ಮನೆಗೆ ಬಂದು ಒಮ್ಮೆ ನೋಡಬೇಕೆಂದು ಕೇಳಿಕೊಂಡರು. ಹೊರಗಿನ ಕೆಲಸ ಮಾಡುವುದು ನಮ್ಮ ಕಂಪನಿಯಲ್ಲಿ ನಿಷಿದ್ಧ, ವೀಸಾಕ್ಕೂ ಒಳ್ಳೆಯದಲ್ಲ. ಆದರೆ ಸಾಯುತ್ತಿರುವ ಗಿಡ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಪರೋಪಕಾರವೇನಲ್ಲ, ಬರೀ ಜಂಬ. ಭಾನುವಾರ ಬರುತ್ತೇನೆ ಎಂದೆ.

ಅವರ ಫ್ಲಾಟ್ ಆಫೀಸಿನಿಂದ ಎರಡು ಟವರ್ ಆಚೆಗಿತ್ತು. ಬಾಗಿಲು ತೆರೆದವರು ಅವರ ಹೆಂಡತಿ. ತಲೆಗೆ ಹತ್ತಿಯ ಬಟ್ಟೆ ಕಟ್ಟಿ, ಮುಖಕ್ಕೆ ಮಾಸ್ಕ್ ಹಾಕಿದ್ದರು. ಮಣಿಕಟ್ಟಿನ ಬಳೆ ಮೊಣಕೈವರೆಗೂ ಜಾರುತ್ತಿತ್ತು. ಕೇಳುವ ಅಗತ್ಯವಿರಲಿಲ್ಲ. ಹೊಟ್ಟೆಯ ಕ್ಯಾನ್ಸರ್. ಅಬುಧಾಬಿಯ ಆಸ್ಪತ್ರೆಯಲ್ಲಿ ಕೀಮೋ ನಡೆಯುತ್ತಿತ್ತು. ಹೋದಾಗಲೆಲ್ಲ ಎರಡು ಮೂರು ದಿನ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿರುವ ಅವರ ಅಕ್ಕನ ಮನೆಯಲ್ಲಿ ಇದ್ದು ಬರುತ್ತಿದ್ದರು.

ಅಡುಗೆಮನೆಯ ಪಕ್ಕದ ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಬಕೆಟ್‌ಗಳಿದ್ದವು. ನಾನು ಬಾಗಿಲಲ್ಲೇ ನಿಂತು ತಲೆ ಚಚ್ಚಿಕೊಂಡೆ. ದೀಪ ಚಾವಣಿಯಲ್ಲಿ, ಸಸಿ ನೆಲದಲ್ಲಿ. ಎಸಿಯ ಗಾಳಿ ನೇರ ಅವುಗಳ ತಲೆಯ ಮೇಲೆ. ಬಕೆಟ್ ತುಂಬ ಮಣ್ಣು, ಮಣ್ಣೆಲ್ಲ ಕೆಸರು. ಅಷ್ಟು ಸಾಲದೆ ಇಡೀ ಕೋಣೆ ಆಸ್ಪತ್ರೆಯ ವಾಸನೆ ಹೊಡೆಯುತ್ತಿತ್ತು.

"ನೀರಿಗೆ ಎಂತ ಹಾಕ್ತೀರಿ ಸರ್?"

ಅವರು ಹೆಂಡತಿಯ ಮುಖ ನೋಡಿ, ಆಮೇಲೆ ಹೇಳಿದರು. ಮನೆಯಲ್ಲಿ ಮಣ್ಣೇ ಇರಬಾರದು, ಮಣ್ಣಿನ ರೋಗಾಣು ಈಕೆಗೆ ಅಪಾಯ ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೆ ಇವರು ಮಣ್ಣನ್ನು ಕುಕ್ಕರಿನಲ್ಲಿ ಬೇಯಿಸಿದ್ದರು. ಬಕೆಟ್‌ಗಳನ್ನು ನೆಲ ಒರೆಸುವ ಔಷಧಿಯಿಂದ ತೊಳೆದಿದ್ದರು. ದಿನಕ್ಕೆ ಮೂರು ಬಾರಿ ಹಾಕುವ ನೀರಿಗೂ ಅದೇ ಔಷಧಿಯ ಒಂದೊಂದು ಮುಚ್ಚಳ ಬೆರೆಸುತ್ತಿದ್ದರು.

ನಾನು ಬೈದೆ. ದೊಡ್ಡ ಕಂಪನಿಯ ಎಂಜಿನಿಯರ್ ಎಂದೂ ನೋಡದೆ ಬೈದೆ. ಇಷ್ಟು ಕಾಟ ಕೊಟ್ಟರೂ ಸಾಯದೆ ನಿಂತಿವೆಯಲ್ಲ, ಅದಕ್ಕೆ ಅವುಗಳ ಕಾಲಿಗೆ ಬೀಳಬೇಕು ಎಂದೆ. ಬೀಜ ಉಳಿದಿದ್ದರೆ ಕೊಡಿ, ಹೊಸದಾಗಿ ಹಾಕೋಣ ಎಂದೆ. ಉಳಿದಿರಲಿಲ್ಲ. ಇದ್ದದ್ದು ಒಂದು ಚಿಟಿಕೆ, ಅಷ್ಟನ್ನೂ ಹಾಕಿದ್ದರು. ಹುಟ್ಟಿದ್ದು ಹನ್ನೊಂದು.

ಆಗ ಅವರ ಹೆಂಡತಿ ಮಾತಾಡಿದರು. ಬಾಗಿಲ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅವರು ಒಳಗೆ ಬರುವಂತಿರಲಿಲ್ಲ, ಅಲ್ಲಿಂದಲೇ ನೋಡುತ್ತಿದ್ದರು.

"ಅದು ನಮ್ಮವ್ವನ ಬೀಜ ಅಣ್ಣಾ. ವರ್ಷಾ ಜೋಳದ ಹೊಲದಾಗ ಸಾಲ ಬಿಟ್ಟು ಹಾಕತಿದ್ಲು. ಹೋದ ವರ್ಷ ಅವ್ವ ತೀರಕೊಂಡ್ಲು, ಹೊಲಾ ಮಾರಿದ್ರು. ಅಕೀ ಸೀರಿ ಸೆರಗಿನ ಗಂಟನ್ಯಾಗ ಇಷ್ಟ ಸಿಕ್ತು, ತಂದೆ."

ಕೀಮೋ ಶುರುವಾದ ಮೇಲೆ ಅವರಿಗೆ ಏನು ತಿಂದರೂ ತಗಡು ಕಚ್ಚಿದ ಹಾಗೆ ಅನ್ನಿಸುತ್ತಿತ್ತಂತೆ. ಅನ್ನ ಒಳಗೆ ಹೋದರೆ ಹೊರಗೆ ಬರುತ್ತಿತ್ತು. ಹುಳಿಯೊಂದೇ ನಾಲಿಗೆಗೆ ಗೊತ್ತಾಗುತ್ತಿತ್ತು. ಅಂಗಡಿಯ ಕೆಂಪು ಕಾಂಡದ ಪುಂಡಿ ತಂದು ಮಾಡಿಕೊಟ್ಟಿದ್ದರು, ಅದರ ವಾಸನೆಗೇ ವಾಂತಿಯಾಯಿತು. ಅವ್ವ ಮಾಡುತ್ತಿದ್ದ ಹಾಗೆ ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಬೇಯಿಸಿದ ಆ ಹಸಿರು ಕಾಂಡದ ಪುಂಡಿಯ ಪಲ್ಲೆ, ಮೇಲೆ ಹಸಿ ಎಣ್ಣೆ, ಒಂದು ಚೂರು ರೊಟ್ಟಿ. ಅಷ್ಟು ಹೊಟ್ಟೆಗೆ ಹೋದರೆ ಸಾಕು ಎಂದರು. ಡಾಕ್ಟರು ತೂಕ ಇನ್ನೂ ಇಳಿದರೆ ಕೀಮೋ ನಿಲ್ಲಿಸಬೇಕಾಗುತ್ತದೆ ಎಂದಿದ್ದರು.

"ಹತ್ತ ಗಿಡಾ ಉಣ್ಣಾಕ," ಎಂದರು, "ಒಂದು ಬೀಜಕ್ಕ ಬಿಡೂದು."

ಆ ದಿನವೇ ಶುರು ಮಾಡಿದೆ. ಸಸಿಗಳನ್ನು ಬಕೆಟ್‌ನಿಂದ ಎಬ್ಬಿಸಿ, ಬೇರು ತೊಳೆದು, ತಳಕ್ಕೆ ತೂತು ಹಾಕಿದ ಚಹಾದ ಕಾಗದದ ಲೋಟಗಳಿಗೆ ಇಳಿಸಿದೆ. ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಣ್ಣು ಹಾಕಿದೆ. ಎಸಿಯ ಕಿಂಡಿಗೆ ರಟ್ಟು ಅಡ್ಡ ಕಟ್ಟಿ, ದೀಪವನ್ನು ಹಗ್ಗ ಕಟ್ಟಿ ಒಂದು ಮೊಳದ ಎತ್ತರಕ್ಕೆ ಇಳಿಸಿದೆ. ಬೆರಳು ಊರಿ ನೋಡಿ, ಮೊದಲ ಗೆಣ್ಣಿನವರೆಗೂ ಒಣಗಿದ್ದರೆ ಮಾತ್ರ ನೀರು ಎಂದು ಆಜ್ಞೆ ಮಾಡಿದೆ. ಬೇರು ಬೆಳೆಯುವಾಗ ಮೇಲೆ ಏನೂ ಕಾಣುವುದಿಲ್ಲ, ಅವಸರ ಬೇಡ ಎಂದೆ. ಎಂಜಿನಿಯರ್ ಎಲ್ಲವನ್ನೂ ಬರೆದುಕೊಂಡರು. ಹೊರಡುವಾಗ ಯಾರಿಗೂ ಹೇಳಬೇಡಿ ಎಂದರು. ಡಾಕ್ಟರಿಗೆ ಗೊತ್ತಾಗಬಾರದು, ನೀರು ಸೋರುತ್ತದೆಂದು ಬಿಲ್ಡಿಂಗಿನವರು ಮಣ್ಣಿಗೆ ತಕರಾರು ತೆಗೆಯುತ್ತಾರೆ, ಅವರಿಗೂ ಗೊತ್ತಾಗಬಾರದು. ನಾನೂ ಅದನ್ನೇ ಹೇಳಬೇಕೆಂದಿದ್ದೆ.

ಎರಡು ವಾರ ಸಸಿಗಳು ಹಾಗೇ ಇದ್ದವು. ಎಂಜಿನಿಯರ್ ದಿನಾ ಫೋಟೋ ಕಳಿಸುತ್ತಿದ್ದರು. ನಾನು ವಾಯ್ಸ್ ಮೆಸೇಜಿನಲ್ಲಿ ಉತ್ತರ ಕೊಡುತ್ತಿದ್ದೆ, ದೀಪ ಇನ್ನೂ ನಾಲ್ಕು ಬೆರಳು ಇಳಿಸಿ, ಈ ದಿನ ನೀರು ಬೇಡ, ಹಾಗೆ. ಮೂರನೆಯ ಭಾನುವಾರ ಹೋದಾಗ ಕಾಂಡ ದಪ್ಪಗಾಗಿತ್ತು, ವೀಳ್ಯದೆಲೆಯಂಥ ದುಂಡು ಎಲೆಗಳು ಬಂದಿದ್ದವು. ದೊಡ್ಡ ಕುಂಡಗಳಿಗೆ ಬದಲಾಯಿಸಿದೆ. ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂತು ಅವರ ಹೆಂಡತಿ ಅವ್ವನ ಹೊಲದ ಸುದ್ದಿ ಹೇಳುತ್ತಿದ್ದರು. ಪುಂಡಿಯ ಕಾಂಡವನ್ನು ಹಳ್ಳದಲ್ಲಿ ಕೊಳೆಸಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರಂತೆ. ನಾನು ಕೆಲಸ ಮಾಡುತ್ತಾ ಹೂಂಗುಟ್ಟುತ್ತಿದ್ದೆ. ದೊಡ್ಡದಾದ ಮೇಲೆ ಈ ಗಿಡದ ಎಲೆ ಹೇಗಿರುತ್ತದೆ ಎಂದು ಕೇಳಲಿಲ್ಲ. ಗಿಡದ ವಿಷಯ ಬೇರೆಯವರನ್ನು ಕೇಳುವ ಅಭ್ಯಾಸ ನನಗಿರಲಿಲ್ಲ. ಒಂದು ಸಂಜೆ ಎಂಜಿನಿಯರ್ ಬಾಗಿಲ ಬೀಗದ ನಂಬರನ್ನು ನನಗೆ ಕೊಟ್ಟರು, ಅಬುಧಾಬಿಗೆ ಹೋದ ದಿನಗಳಲ್ಲಿ ನಾನೇ ಬಂದು ನೀರು ಹಾಕಲಿ ಎಂದು.

ಇಲ್ಲಿ ನನ್ನ ಹಳೆಯ ಕಥೆಯೊಂದನ್ನು ಹೇಳಬೇಕು. ನಾನಿರುವುದು ಸತ್ವಾದಲ್ಲಿ, ಒಂದು ಹಳೆಯ ವಿಲ್ಲಾದ ಕೋಣೆಯಲ್ಲಿ, ಆರು ಜನರ ಜೊತೆ ಒಂದು ಬೆಡ್‌ಸ್ಪೇಸ್, ಎಂದರೆ ಒಂದು ಮಂಚದಷ್ಟು ಬಾಡಿಗೆ ಜಾಗ. ಏಳು ವರ್ಷದ ಹಿಂದೆ ಅದೇ ಕೋಣೆಯಲ್ಲಿ ಒಬ್ಬನ ಹಾಸಿಗೆಯ ಕೆಳಗೆ ಬೆಂಕಿಪೊಟ್ಟಣದಷ್ಟು ಗಾಂಜಾ ಸಿಕ್ಕಿತು. ಕೋಣೆಯಲ್ಲಿದ್ದವರನ್ನೆಲ್ಲ ಪೊಲೀಸರು ಕರೆದುಕೊಂಡು ಹೋದರು. ಮೂತ್ರ ಪರೀಕ್ಷೆಯಲ್ಲಿ ನಮ್ಮದು ಏನೂ ಬರಲಿಲ್ಲ, ಹತ್ತು ದಿನದ ಮೇಲೆ ಬಿಟ್ಟರು. ಅವನನ್ನು ಬಿಡಲಿಲ್ಲ. ಆ ಹತ್ತು ದಿನ ನಾನು ಅದುವರೆಗೆ ತಿಂದದ್ದು, ಕುಡಿದದ್ದು, ಯಾರದೋ ಸಿಗರೇಟಿನ ಪಕ್ಕ ಕೂತದ್ದು ಎಲ್ಲವನ್ನೂ ನೆನೆನೆನೆದು ಬೆವರಿದ್ದೇನೆ. ಊರಿಂದ ಬರುವವರಿಗೆ, ಅಫೀಮಿನ ಗಿಡದ ಬೀಜವೆಂದು, ಗಸಗಸೆಯನ್ನೂ ತರಬೇಡಿ ಎಂದು ಹೇಳುವ ದೇಶ ಇದು. ಊರಿಗೆ ಹೋದಾಗಲೂ ನಾನು ಗಸಗಸೆ ಪಾಯಸ ಮುಟ್ಟುತ್ತಿರಲಿಲ್ಲ. ಅಷ್ಟಕ್ಕೆ ನಿಲ್ಲದೆ ನಮ್ಮ ಕಂಪನಿಯಲ್ಲಿ ಪ್ರತಿವರ್ಷ ಸೇಫ್ಟಿ ಕ್ಲಾಸಿನಲ್ಲಿ ಒಂದು ಎಲೆಯ ಚಿತ್ರ ತೋರಿಸುತ್ತಿದ್ದರು. ಬೆರಳು ಬೆರಳಾಗಿ ಸೀಳಿದ, ಅಂಚಿಗೆ ಗರಗಸದ ಹಲ್ಲಿರುವ ಎಲೆ. ಇದು ಯಾರ ಹತ್ತಿರ ಕಂಡರೂ ಮುಟ್ಟಬೇಡಿ, ಗೊತ್ತಿದ್ದೂ ಸುಮ್ಮನಿದ್ದವನಿಗೂ ಜೈಲು ತಪ್ಪಿದ್ದಲ್ಲ ಎನ್ನುತ್ತಿದ್ದ ಸೂಪರ್‌ವೈಸರ್.

ಹೊಸ ಹೋಟೆಲೊಂದರ ಲಾಬಿಯ ಕೆಲಸ ಬಂದು ಎರಡು ಭಾನುವಾರ ಅವರ ಮನೆಗೆ ಹೋಗಲಾಗಲಿಲ್ಲ. ಗಿಡ ಚೇತರಿಸಿಕೊಂಡಿದ್ದರಿಂದ ಅವರೂ ದಿನಾ ಫೋಟೋ ಕಳಿಸುವುದನ್ನು ನಿಲ್ಲಿಸಿದ್ದರು. ಮೂರನೆಯ ವಾರದ ಶನಿವಾರ ಬೆಳಿಗ್ಗೆ, ನಾನು ಬನಿಯನ್ ಒಗೆಯುತ್ತಿದ್ದಾಗ, ಎಂಜಿನಿಯರರ ಫೋಟೋ ಬಂತು. ಜೊತೆಗೆ ಅವರ ಧ್ವನಿ:

"ನೋಡ್ರಿ ಅಣ್ಣಾರ, ಎಲಿ ಬೆರಳ ಒಡದಾವು. ಇನ್ನ ಎಂಟ ದಿನಕ್ಕ ಪಲ್ಲೆ. ಈಗ ಅಬುಧಾಬಿಗೆ ಹೊಂಟೇವಿ, ನಾಳೆ ಒಂದ ನೀರ ಹಾಕಿ ಬರ್ರಿ."

ಐದು ಬೆರಳು. ಅಂಚಿಗೆ ಹಲ್ಲು. ಕ್ಲಾಸಿನಲ್ಲಿ ತೋರಿಸುತ್ತಿದ್ದ ಎಲೆಯೇ.

ಹೆಗಲ ಮೇಲಿಂದ ಬಗ್ಗಿ ನೋಡಿದ ನನ್ನ ಕೋಣೆಯವನು, ಮಂಗಳೂರಿನವನು, ಅಂದು ನನ್ನ ಜೊತೆ ಹತ್ತು ದಿನ ಒಳಗಿದ್ದವನು, ಒಂದು ಹೆಜ್ಜೆ ಹಿಂದೆ ಸರಿದ.

"ಎಂತ ಮಾರಾಯ ಇದು? ನಿನಗೆ ಮಂಡೆ ಸಮ ಉಂಟಾ? ಫಸ್ಟ್ ಡಿಲೀಟ್ ಮಾಡು. ನಾನು ನೋಡ್ಲಿಲ್ಲ, ನಂಗೆ ಗೊತ್ತಿಲ್ಲ."

ಆಮೇಲೆ ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳುತ್ತಾ ಹೋಯಿತು. ಕಿಟಕಿಯಿಲ್ಲದ ಕೋಣೆ. ದೀಪ. ಯಾರಿಗೂ ಹೇಳಬೇಡಿ ಎಂದದ್ದು. ಊರಿಂದ ಗಂಟು ಕಟ್ಟಿ ತಂದ ಬೀಜ. ನಾರಿನ ಕಾಂಡ. ಕೆಲವು ತಿಂಗಳ ಹಿಂದೆ ಒಂದು ಆಫೀಸಿನಲ್ಲಿ ಇಬ್ಬರು ಮಾತಾಡಿದ್ದೂ ನೆನಪಾಯಿತು; ಎಲೆ ಒರೆಸುವವನ ಎದುರು ಜನ ಏನು ಬೇಕಾದರೂ ಮಾತಾಡುತ್ತಾರೆ. ಬೇರೆ ದೇಶಗಳಲ್ಲಿ ಕ್ಯಾನ್ಸರಿನವರಿಗೆ ವಾಂತಿ ನಿಂತು ಹಸಿವಾಗಲಿ ಎಂದು ಗಾಂಜಾ ಕೊಡುತ್ತಾರಂತೆ. ಹಸಿವಿಲ್ಲದ ಹೆಂಗಸು, ವಾಂತಿ, ಎಂಟು ದಿನಕ್ಕೆ ಪಲ್ಲೆ. ನನ್ನನ್ನು ಚೆನ್ನಾಗಿ ಮಂಗ ಮಾಡಿದರು ಎಂದು ಮೈಯೆಲ್ಲ ಉರಿಯಿತು. ಅವ್ವನ ಸೆರಗಿನ ಕಥೆ ಕೇಳಿ ನನ್ನ ಕಣ್ಣು ತುಂಬಿತ್ತಲ್ಲ, ಅದಕ್ಕೆ ಇನ್ನಷ್ಟು ಉರಿಯಿತು. ಬೆಳೆಸಿದ್ದು ನಾನು. ಅವರ ಫೋನಿನ ತುಂಬ ನನ್ನದೇ ಧ್ವನಿ.

ಪುಂಡಿ ಎಂದು ಫೋನಿನಲ್ಲಿ ಹುಡುಕಿ ನೋಡಬಹುದಿತ್ತು. ಹುಡುಕಿದ್ದೂ ದಾಖಲಾಗುತ್ತದೆ ಎಂಬ ಹೆದರಿಕೆಯಿಂದ ಹುಡುಕಲಿಲ್ಲ. ಎಂಜಿನಿಯರರಿಗೆ ಫೋನ್ ಮಾಡಿ ಕೇಳಲೂ ಇಲ್ಲ. ಫೋನಿನಲ್ಲಿ ಆ ಮಾತೆತ್ತುವ ಧೈರ್ಯ ಯಾರಿಗಿದೆ.

ಭಾನುವಾರ ಮಧ್ಯಾಹ್ನ ಹೋದೆ. ಎರಡು ಜೊತೆ ರಬ್ಬರ್ ಗ್ಲೌಸ್ ಒಂದರ ಮೇಲೊಂದು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ ಸ್ಟೋರ್ ರೂಮಿನ ಬಾಗಿಲು ತೆರೆದೆ. ಸಸಿಗಳು ನನ್ನ ಸೊಂಟದ ಹತ್ತಿರಕ್ಕೆ ಬಂದಿದ್ದವು. ಅಷ್ಟು ಆರೋಗ್ಯದ ಹಸಿರನ್ನು ನಾನು ಈ ಊರಿನ ಯಾವ ಆಫೀಸಿನಲ್ಲೂ ಬೆಳೆಸಿರಲಿಲ್ಲ. ಒಂದು ಕ್ಷಣ ಹೆಮ್ಮೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಒಂದೊಂದನ್ನೇ ಬುಡ ಹಿಡಿದು ಕಿತ್ತೆ. ಕಾಂಡ ಮುರಿಯುತ್ತಿರಲಿಲ್ಲ, ನಾರು ನಾರಾಗಿ ಎಳೆಯುತ್ತಿತ್ತು. ಕತ್ತರಿಯಿಂದ ಚೂರು ಮಾಡಿ ಕಪ್ಪು ಚೀಲಕ್ಕೆ ತುಂಬಿ, ಕಾರಿಡಾರಿನ ಕೊನೆಯಲ್ಲಿರುವ ಕಸದ ಕೊಳವೆಗೆ ಹಾಕಿದೆ. ಇಪ್ಪತ್ತೆರಡು ಮಹಡಿ ಕೆಳಗೆ ಅದು ಬಿದ್ದ ಸದ್ದು ಕೇಳಿಸಲಿಲ್ಲ. ಕುಂಡಗಳ ಮಣ್ಣಿಗೆ ಅವರದೇ ನೆಲ ಒರೆಸುವ ಔಷಧಿಯನ್ನು ಬಾಟಲಿಯಷ್ಟೂ ಸುರಿದೆ.

ಅವರನ್ನೂ ಉಳಿಸಿದೆ ಎಂದೇ ಅಂದುಕೊಂಡಿದ್ದೆ. ಸಿಕ್ಕಿಬಿದ್ದರೆ ಜೈಲು, ಕೀಮೋ ಇಲ್ಲ, ಗಡೀಪಾರು. ಬಸ್ಸಿನಲ್ಲಿ ಕೂತು ಮೆಸೇಜು ಮಾಡಿದೆ: ಎಲ್ಲ ತೆಗೆದಿದ್ದೇನೆ, ಖಲಾಸ್, ಇನ್ನು ನನಗೆ ಫೋನ್ ಮಾಡಬೇಡಿ, ನನ್ನ ಮೆಸೇಜೆಲ್ಲ ಅಳಿಸಿ. ಕಳಿಸಿದ ಮೇಲೆ ಅವರ ನಂಬರನ್ನು ಬ್ಲಾಕ್ ಮಾಡಿದೆ. ಕೋಣೆಗೆ ಬಂದು ಮೂರು ಸಲ ಕೈ ತೊಳೆದೆ.

ಬುಧವಾರ ಸಂಜೆ, ಕೆಲಸ ಮುಗಿಸಿ ವ್ಯಾನಿನಿಂದ ಇಳಿದಾಗ, ಎಂಜಿನಿಯರ್ ನಮ್ಮ ವಿಲ್ಲಾದ ಗೇಟಿನ ಹತ್ತಿರ ನಿಂತಿದ್ದರು. ಪಕ್ಕದ ದರ್ಜಿ ಅಂಗಡಿಯವನನ್ನು ಕೇಳಿಕೊಂಡು ಹುಡುಕಿದ್ದರಂತೆ. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನೇ ಮೊದಲು ಬಾಯಿ ಹಾಕಿದೆ.

"ನನ್ನನ್ನು ಯಾಕೆ ಸಿಕ್ಕಿಸಿ ಹಾಕಿದ್ದು ಸರ್ ನೀವು? ಎಲೆ ನೋಡಿದ್ರೆ ನಂಗೆ ಗೊತ್ತಾಗುದಿಲ್ವಾ ಅದು ಎಂತದಂತ?"

ಅವರು ಸಿಟ್ಟಾಗಲಿಲ್ಲ. ಅಂಗಿಯ ಜೇಬಿನಿಂದ ಟಿಶ್ಯೂ ಕಾಗದದ ಒಂದು ಮಡಿಕೆ ತೆಗೆದು ಬಿಚ್ಚಿದರು. ಒಳಗೆ ಒಂದು ಎಲೆ. ಚೆನ್ನಾಗಿ ಬಾಡಿತ್ತು. ಐದು ಬೆರಳು, ಅಂಚಿಗೆ ಹಲ್ಲು. ನಾನು ಗಾಬರಿಯಿಂದ ರಸ್ತೆಯ ಆ ಕಡೆ ಈ ಕಡೆ ನೋಡಿದೆ.

"ಕುಂಡದ ಹಿಂದ ಬಿದ್ದಿತ್ರಿ. ನೀವು ನೋಡಿಲ್ಲ," ಎಂದರು. "ಇದು ಪುಂಡಿನ ಅಣ್ಣಾರ. ಪುಂಡಿ ಎಲಿ ಹಿಂಗ ಇರತೈತಿ. ಮದಲ ದುಂಡಗ ಬರತಾವು, ಆಮ್ಯಾಗ ಬೆರಳ ಒಡೀತಾವು. ನಮ್ಮ ಕಡೆ ಸಣ್ಣ ಹುಡುಗರೂ ಹೊಲದಾಗ ಹರಕೊಂಡು ಹಸೀದು ತಿಂತಾವು."

ನನಗೆ ನಂಬಿಕೆ ಬರಲಿಲ್ಲ.

"ಇದೊಂದ ಉಳದಿತ್ತು. ಅಕೀಗೆ ಬಾಯಾಗ ಇಟ್ಕೋ ಅಂದೆ. ಬ್ಯಾಡ ಅಂದ್ಲು. ಅಣ್ಣಾಗ ಅಂಜಿಕಿ ಹೊಕ್ಕೈತಿ, ಅವರಿಗೆ ತಿನ್ನಸಿ ಬರ್ರಿ, ಇಲ್ಲಂದ್ರ ಅವರು ಜೀವಾ ಹಿಡಕೊಂಡ ತಿರಗತಾರ ಅಂದ್ಲು."

ಎಲೆಯನ್ನು ನನ್ನ ಮುಂದೆ ಹಿಡಿದರು. ನಾನು ಕೈ ಚಾಚಲಿಲ್ಲ. ಆ ಹೊತ್ತಿನಲ್ಲೂ, ಅಷ್ಟು ಕೇಳಿದ ಮೇಲೂ, ನನ್ನ ತಲೆಯಲ್ಲಿ ಓಡಿದ್ದು ಮೂತ್ರ ಪರೀಕ್ಷೆ. ಅವರಿಗೆ ಅದು ತಿಳಿಯಿತು. ಎಲೆಯನ್ನು ನಡುವೆ ಹರಿದು ಅರ್ಧ ತಮ್ಮ ಬಾಯಿಗೆ ಹಾಕಿಕೊಂಡು ಅಗಿದರು. ಉಳಿದ ಅರ್ಧವನ್ನು ಮತ್ತೆ ಚಾಚಿದರು. ತೆಗೆದುಕೊಂಡು ನಾಲಿಗೆಯ ಮೇಲೆ ಇಟ್ಟೆ.

ಹುಳಿ. ಬಿಂಬುಳಿಯಂಥ ಶುದ್ಧ ಹುಳಿ. ಗೊತ್ತಾಗಲು ಅಗಿಯಬೇಕಾಗಿಯೂ ಇರಲಿಲ್ಲ. ಭಾನುವಾರ ಎರಡು ಗ್ಲೌಸ್ ಹಾಕಿ, ಮೂಗು ಕಟ್ಟಿಕೊಂಡು, ಹನ್ನೊಂದು ಗಿಡ ಕೀಳುವಾಗ ಒಂದೇ ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದರೆ ಸಾಕಿತ್ತು.

ನಾನು ಏನೇನೋ ಹೇಳಿದೆ. ಊರಿಂದ ಬೀಜ ತರಿಸುತ್ತೇನೆ ಎಂದೆ. ಅಂಗಡಿ ಅಂಗಡಿ ತಿರುಗಿ ಹಸಿರು ಕಾಂಡದ್ದೇ ಹುಡುಕುತ್ತೇನೆ ಎಂದೆ. ಅವರು ಕೇಳಿಸಿಕೊಂಡರು. ನನ್ನ ತೋಳನ್ನು ಒಮ್ಮೆ ಮುಟ್ಟಿ, ಹೋಗುವಾಗ ಒಂದೇ ಕೇಳಿದರು.

"ಬೀಜಕ್ಕಂತ ಒಂದರ ಬಿಟ್ಟಿದ್ರೇನ್ರಿ ಅಣ್ಣಾರ? ಅಕೀ ಕೇಳಕೊಂಡ ಬರ್ರಿ ಅಂದಿದ್ಲು."

ಇಲ್ಲ ಎಂದೆ.

ಮುಂದಿನ ಶುಕ್ರವಾರ ಹಸಿರು ಕಾಂಡದ ಎರಡು ಕಟ್ಟು ಪುಂಡಿ ಸಿಕ್ಕಿತು. ತೆಗೆದುಕೊಂಡು ಹೋದೆ. ಬೀಗದ ನಂಬರು ಬದಲಾಗಿರಲಿಲ್ಲ, ಆದರೆ ನಾನು ಬೆಲ್ ಮಾಡಿದೆ. ಯಾರೂ ತೆರೆಯಲಿಲ್ಲ. ಆಫೀಸಿನಲ್ಲಿ ವಿಚಾರಿಸಿದಾಗ ತಿಳಿಯಿತು, ತೂಕ ಇಳಿದು ಕೀಮೋ ನಿಲ್ಲಿಸಿ, ಎಂಜಿನಿಯರರ ಹೆಂಡತಿಯನ್ನು ಅಬುಧಾಬಿಯ ಆಸ್ಪತ್ರೆಯಲ್ಲೇ ಸೇರಿಸಿಕೊಂಡಿದ್ದರು. ಮೂಗಿನ ನಳಿಕೆಯಲ್ಲಿ ಬಿಳಿ ದ್ರವ ಬಿಡುತ್ತಿದ್ದರಂತೆ. ಬಾಯಿಯಿಂದ ಏನೂ ಕೊಡುವಂತಿರಲಿಲ್ಲ. ಮೂರನೆಯ ವಾರ ಅವರು ತೀರಿಕೊಂಡರು. ಪುಂಡಿ ತಿಂದಿದ್ದರೆ ಬದುಕುತ್ತಿದ್ದರೆಂದು ನಾನು ಹೇಳುವುದಿಲ್ಲ, ಅಷ್ಟು ದಡ್ಡನಲ್ಲ. ಎಂಜಿನಿಯರ್ ಫ್ಲಾಟ್ ಬಿಟ್ಟು, ಕೆಲಸವನ್ನೂ ಬಿಟ್ಟು ಊರಿಗೆ ಹೋದರು. ಆ ಆಫೀಸಿನ ಗಿಡಗಳಿಗೆ ಈಗಲೂ ನಾನೇ ನೀರು ಹಾಕುತ್ತೇನೆ, ಚೆನ್ನಾಗಿವೆ.

ಅವ್ವನ ಸೆರಗಿನ ಬೀಜದಿಂದ ಬಂದ ಪುಂಡಿಯಲ್ಲಿ ಮನುಷ್ಯರ ಬಾಯಿಗೆ ಹೋದದ್ದು ಒಂದೇ ಒಂದು ಎಲೆ. ಅದು ಆ ಅವ್ವನ ಮಗಳ ಪಾಲಿನದು. ಅದರಲ್ಲಿ ಅರ್ಧ ತಿಂದವನು ನಾನು.